ಕಾರಿನ ಟಯರುಗಳ ಜಾಗ ಬದಲಾಯಿಸುವುದು ಯಾಕೆ, ಯಾವಾಗ, ಹೇಗೆ?

ಮುಂದಿನ ಎರಡು ಟಯರ್ ಸವೆದಿವೆ, ಹಿಂದಿನ ಎರಡು ಹೊಸದರ ಹಾಗೇ ಇವೆ, ಅವನ್ನು ಅದಲು ಬದಲು ಮಾಡಿಸಿದರೆ ಸಾಕೇ? ಮೇ ತಿಂಗಳು ಬಂತೆಂದರೆ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಓದುಗರು ಈ ಪ್ರಶ್ನೆಯನ್ನು ಒಂದಲ್ಲ ಒಂದು ರೂಪದಲ್ಲಿ ಕೇಳುತ್ತಲೇ ಇರುತ್ತಾರೆ. ಟಯರುಗಳ ಜಾಗ ಬದಲಾಯಿಸಲೇಬೇಕು. ಆದರೆ ಮುಂದಿನವು ಸವೆದು ಹೋದ ಮೇಲಲ್ಲ, ಸವೆತದ ವ್ಯತ್ಯಾಸ ಬೆಳೆಯುವ ಮೊದಲೇ. ತಡಮಾಡಿ, ಅದರಲ್ಲೂ ಮಳೆ ಶುರುವಾದ ಮೇಲೆ ಮಾಡಿಸಿದ ಅದಲು ಬದಲು ಅಪಾಯಕ್ಕೆ ದಾರಿಯಾಗಬಹುದು. ಅದಕ್ಕೇ ಈ ಲೇಖನದಲ್ಲಿ ಹೇಗೆ ಎಂಬುದಕ್ಕಿಂತ ಯಾವಾಗ ಎಂಬುದಕ್ಕೆ ಹೆಚ್ಚು ಒತ್ತು ಕೊಟ್ಟಿದ್ದೇನೆ.

ನಾಲ್ಕೂ ಟಯರ್ ಒಂದೇ ಸಮ ಯಾಕೆ ಸವೆಯುವುದಿಲ್ಲ?

ಆಲ್ಟೊ, ವ್ಯಾಗನಾರ್, ಸ್ವಿಫ್ಟ್, ಐ20, ಎರ್ಟಿಗಾದಂಥ ಕಾರುಗಳಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕುಳಿತಿರುವುದೂ ಮುಂದೆಯೇ, ಆದ್ದರಿಂದ ಕಾರಿನ ಭಾರದಲ್ಲಿ ಹೆಚ್ಚು ಪಾಲು ಮುಂದಿನ ಟಯರುಗಳ ಮೇಲೆ ಬೀಳುತ್ತದೆ. ಬ್ರೇಕ್ ಒತ್ತಿದಾಗ ಉಳಿದ ಭಾರವೂ ಮುಂದಕ್ಕೆ ವಾಲುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ರಸ್ತೆಗೆ ಉಜ್ಜಿಕೊಳ್ಳುವುದೂ ಅವೇ. ಎಳೆಯುವುದು, ತಿರುಗಿಸುವುದು, ಬಹುಪಾಲು ನಿಲ್ಲಿಸುವುದು ಎಲ್ಲವೂ ಮುಂದಿನ ಜೋಡಿಯ ಹೊಣೆ. ಹಿಂದಿನವು ಬೆನ್ನಿಗೇ ಉರುಳಿಕೊಂಡು ಬರುತ್ತವೆ.

ನಮ್ಮ ರಸ್ತೆಗಳು ಇದಕ್ಕೆ ಇನ್ನೆರಡು ಕಾರಣಗಳನ್ನು ಸೇರಿಸುತ್ತವೆ. ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ದಾರಿಯಂತೆ ತಿರುವಿನ ಮೇಲೆ ತಿರುವು ಇರುವ ಕಡೆ ಮುಂದಿನ ಟಯರುಗಳ ಅಂಚು ಬೇಗ ಸವೆಯುತ್ತದೆ. ಇನ್ನೊಂದು, ಎಡಗಡೆಯ ಟಯರುಗಳ ಪಾಡು. ಬಾಯಾರು, ಪೆರ್ಲ, ಬೆಳ್ಳೂರು ಕಡೆಯ ಒಳರಸ್ತೆಗಳಲ್ಲಿ ಬಸ್ಸು ಎದುರಾದರೆ ಎಡಗಡೆಯ ಚಕ್ರಗಳನ್ನು ಡಾಮರಿನಿಂದ ಕೆಳಗಿಳಿಸದೆ ಗತಿಯಿಲ್ಲ. ಡಾಮರಿನ ಅಂಚು ಮುರಿದು ಕತ್ತಿಯ ಹಾಗೆ ನಿಂತಿರುತ್ತದೆ, ಅದರ ಕೆಳಗೆ ಮುರಕಲ್ಲಿನ ಚೂರು. ಮತ್ತೆ ರಸ್ತೆಗೆ ಹತ್ತುವಾಗ ಆ ಅಂಚು ಟಯರಿನ ಪಕ್ಕಕ್ಕೆ ಉಜ್ಜುತ್ತದೆ. ನಿಮ್ಮ ಕಾರಿನ ಎಡಮುಂದಿನ ಟಯರಿನ ಹೊರಬದಿಯನ್ನು ಒಮ್ಮೆ ಕೈಯಿಂದ ಸವರಿ ನೋಡಿ. ಬಲಗಡೆಯದರಲ್ಲಿ ಇಲ್ಲದ ಗೀರುಗಳು ಅಲ್ಲಿ ಕೈಗೆ ಸಿಗುವ ಸಂಭವ ಹೆಚ್ಚು.

ನಾಲ್ಕು ಟಯರುಗಳೂ ಸರದಿಯಂತೆ ಎಲ್ಲ ಜಾಗಗಳಲ್ಲೂ ಓಡಿದರೆ ಸವೆತ ಹಂಚಿಹೋಗುತ್ತದೆ. ಇದನ್ನೇ ಟಯರ್ ರೊಟೇಷನ್ ಎನ್ನುತ್ತಾರೆ. ನಾಲ್ಕೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುವುದರಿಂದ ದುಡ್ಡು ಉಳಿಯುತ್ತದೆ ಎಂಬುದು ನಿಜ. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ನಾಲ್ಕೂ ಚಕ್ರಗಳು ನೀರು ತುಂಬಿದ ರಸ್ತೆಯನ್ನು ಒಂದೇ ಹಿಡಿತದಲ್ಲಿ ಹಿಡಿದಿರುತ್ತವೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಅಗಲವಾದ ಮೇಲೆ ನಮ್ಮ ವೇಗವೂ ಹೆಚ್ಚಿದೆ, ಹೀಗಾಗಿ ಈ ಹಿಡಿತದ ಬೆಲೆಯೂ ಹೆಚ್ಚಿದೆ.

ಎಷ್ಟು ಕಿಲೋಮೀಟರಿಗೊಮ್ಮೆ?

ಹೆಚ್ಚಿನ ಕಾರುಗಳಿಗೆ 8,000ದಿಂದ 10,000 ಕಿಲೋಮೀಟರಿಗೊಮ್ಮೆ. ನಿಮ್ಮ ಕಾರಿನ ಮ್ಯಾನ್ಯುಯಲ್ ಪುಸ್ತಕದಲ್ಲಿ ಬೇರೆ ಲೆಕ್ಕವಿದ್ದರೆ ಅದನ್ನೇ ಅನುಸರಿಸಿ. ಒಳರಸ್ತೆಗಳಲ್ಲೇ ಹೆಚ್ಚು ಓಡಾಡುವವರಿಗೆ 8,000 ಸರಿಯಾದ ಲೆಕ್ಕ ಎಂದು ನನ್ನ ಅಭಿಪ್ರಾಯ. ವರ್ಷಕ್ಕೆ ಅಷ್ಟು ಓಡದ ಕಾರಾದರೆ ಮೇ ತಿಂಗಳ ಮಧ್ಯದೊಳಗೆ ಒಮ್ಮೆ ಮಾಡಿಸಿ. ಸರ್ವೀಸಿನ ದಿನವೇ ಇದನ್ನೂ ಸೇರಿಸಿಕೊಂಡರೆ ಮರೆಯುವುದಿಲ್ಲ.

ಬೇಕಾಗುವ ವಸ್ತುಗಳು

ಗಾಳಿ ಅಳೆಯುವ ಗೇಜ್, ಸೀಮೆಸುಣ್ಣ, ಸ್ಕೇಲು. ಮನೆಯಲ್ಲೇ ಮಾಡುವವರಾದರೆ ಜಾಕ್, ವೀಲ್ ಸ್ಪಾನರ್, ಚಕ್ರ ಉರುಳದಂತೆ ಅಡ್ಡ ಇಡಲು ಎರಡು ಮರದ ತುಂಡು, ಜಾಕಿನ ಅಡಿಗೆ ಒಂದು ದಪ್ಪ ಹಲಗೆ, ತುಕ್ಕು ಉಜ್ಜಲು ತಂತಿಯ ಬ್ರಷ್. ನಟ್ಟುಗಳನ್ನು ಇಷ್ಟೇ ಬಿಗಿಯಬೇಕು ಎಂದು ಅಳೆದು ಬಿಗಿಯುವ ಟಾರ್ಕ್ ರೆಂಚ್ ಸಿಕ್ಕಿದರೆ ಇನ್ನೂ ಒಳ್ಳೆಯದು.

ಹಂತ 1: ಆಳ ಅಳೆಯಿರಿ

ಟಯರಿನ ಮೈಮೇಲೆ ರಸ್ತೆಗೆ ತಾಗುವ ಪದರಕ್ಕೆ ಟ್ರೆಡ್ ಎನ್ನುತ್ತಾರೆ. ಅದರಲ್ಲಿರುವ ಚಡಿಗಳು ಮಳೆನೀರನ್ನು ಟಯರಿನ ಅಡಿಯಿಂದ ಹೊರಗೆ ತಳ್ಳುವ ಕಾಲುವೆಗಳು. ಹೊಸ ಕಾರಿನ ಟಯರಿನಲ್ಲಿ ಈ ಚಡಿ ಸಾಮಾನ್ಯವಾಗಿ 7ರಿಂದ 8 ಮಿಲಿಮೀಟರ್ ಆಳವಿರುತ್ತದೆ. ಕಾನೂನಿನ ಪ್ರಕಾರ ಕಾರಿಗೆ ಕನಿಷ್ಠ 1.6 ಮಿಲಿಮೀಟರ್ ಇರಬೇಕು. ಚಡಿಯ ತಳದಲ್ಲಿ ಅಲ್ಲಲ್ಲಿ ಅಡ್ಡವಾಗಿ ಸಣ್ಣ ರಬ್ಬರ್ ದಿಂಡುಗಳು ಕಾಣುತ್ತವೆ. ಅವು ಎಲ್ಲಿವೆ ಎಂದು ತೋರಿಸಲು ಟಯರಿನ ಭುಜದಲ್ಲಿ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳು ಅಥವಾ ಸಣ್ಣ ತ್ರಿಕೋನ ಇರುತ್ತದೆ. ಮೇಲಿನ ರಬ್ಬರ್ ಸವೆದು ದಿಂಡಿನ ಮಟ್ಟಕ್ಕೆ ಬಂದರೆ ಆ ಟಯರಿನ ಆಯುಸ್ಸು ಮುಗಿಯಿತು.

ಆಳ ಅಳೆಯುವ ಗೇಜ್ ಇಲ್ಲದಿದ್ದರೆ ಹಿಡಿಸೂಡಿಯ ಒಂದು ಕಡ್ಡಿ ಸಾಕು. ದಪ್ಪದ ತುದಿಯನ್ನು ಚಡಿಯ ತಳಕ್ಕೆ ನೇರವಾಗಿ ಊರಿ, ಟಯರಿನ ಮೇಲ್ಮೈ ಬರುವಲ್ಲಿ ಉಗುರಿನಿಂದ ಒತ್ತಿ ಗುರುತು ಮಾಡಿ, ಹೊರಗೆ ತೆಗೆದು ಸ್ಕೇಲಿನ ಮೇಲೆ ಇಡಿ. ರಬ್ಬರ್ ದಿಂಡಿನ ಮೇಲೆ ಊರಬೇಡಿ, ಲೆಕ್ಕ ತಪ್ಪುತ್ತದೆ. ಒಂದೊಂದು ಟಯರಿನಲ್ಲೂ ಮೂರು ಕಡೆ ಅಳೆಯಿರಿ: ಒಳಬದಿ, ನಡು, ಹೊರಬದಿ. ಹೆಚ್ಚಿನವರು ಹೊರಬದಿಯನ್ನು ಮಾತ್ರ ನೋಡಿ ಟಯರ್ ಚೆನ್ನಾಗಿದೆ ಎಂದು ತೀರ್ಮಾನಿಸುತ್ತಾರೆ. ಒಳಬದಿ ಬೋಳಾಗಿದ್ದರೂ ನಿಂತು ನೋಡಿದರೆ ಕಾಣುವುದಿಲ್ಲ. ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದರೆ ಮುಂದಿನ ಟಯರುಗಳ ಒಳಬದಿಗೆ ಕೈ ಹೋಗುತ್ತದೆ. ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಹಂತ 2: ಸವೆತ ಏನು ಹೇಳುತ್ತಿದೆ ನೋಡಿ

ಇದನ್ನು ಬಿಟ್ಟು ನೇರವಾಗಿ ಟಯರ್ ಬದಲಾಯಿಸುವುದು ದೊಡ್ಡ ತಪ್ಪು. ಸವೆತ ಎಲ್ಲಿದೆ ಎಂಬುದರಲ್ಲಿ ಅದರ ಕಾರಣವೂ ಇರುತ್ತದೆ. ಕಾರಣ ಹುಡುಕದೆ ಜಾಗ ಬದಲಾಯಿಸಿದರೆ ಹಾಳಾದ ಟಯರ್ ಹಿಂದಕ್ಕೆ ಹೋಗಿ, ಚೆನ್ನಾಗಿದ್ದ ಟಯರ್ ಮುಂದೆ ಬಂದು ಅದೇ ರೀತಿ ಹಾಳಾಗುತ್ತದೆ.

ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು ತುಂಬಿಸಿದ್ದೀರಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ಸವೆದಿದ್ದರೆ ಚಕ್ರಗಳ ಕೋನ ತಪ್ಪಿದೆ, ಅಂದರೆ ವೀಲ್ ಅಲೈನ್‌ಮೆಂಟ್ ಆಗಬೇಕು. ಅಲ್ಲಲ್ಲಿ ಹೊಂಡ ಬಿದ್ದ ಹಾಗೆ ಸವೆದಿದ್ದರೆ ಬ್ಯಾಲೆನ್ಸಿಂಗ್ ತಪ್ಪಿರಬಹುದು ಅಥವಾ ಶಾಕ್ ಅಬ್ಸಾರ್ಬರ್ ಸೋತಿರಬಹುದು. ಇನ್ನೊಂದು ಪರೀಕ್ಷೆ ಕಣ್ಣಿಗಲ್ಲ, ಅಂಗೈಗೆ. ಮೊದಲು ಟಯರಿನ ಮೈಯಲ್ಲಿ ತಂತಿ ಅಥವಾ ಮೊಳೆ ಹೊರಗೆ ಬಂದಿಲ್ಲ ಎಂದು ನೋಡಿಕೊಳ್ಳಿ. ಬಳಿಕ ಅಂಗೈಯನ್ನು ಹೊರಬದಿಯಿಂದ ಒಳಬದಿಗೆ ಸವರಿ, ಆಮೇಲೆ ಒಳಬದಿಯಿಂದ ಹೊರಬದಿಗೆ. ಒಂದು ದಿಕ್ಕಿಗೆ ನುಣುಪಾಗಿ ಜಾರಿ, ಇನ್ನೊಂದು ದಿಕ್ಕಿಗೆ ಗರಗಸದಂತೆ ತಡೆದರೆ ಮುಂದಿನ ಚಕ್ರಗಳು ನೇರವಾಗಿ ನೋಡುತ್ತಿಲ್ಲ ಎಂದರ್ಥ. ಇದೂ ಅಲೈನ್‌ಮೆಂಟಿನ ದೋಷವೇ.

ಇಲ್ಲಿ ಮೂರು ಕೆಲಸಗಳ ಬಗ್ಗೆ ಗೊಂದಲ ಬೇಡ. ರೊಟೇಷನ್ ಎಂದರೆ ಚಕ್ರಗಳ ಜಾಗ ಬದಲಾಯಿಸುವುದು. ಬ್ಯಾಲೆನ್ಸಿಂಗ್ ಎಂದರೆ ಚಕ್ರವನ್ನು ಯಂತ್ರದಲ್ಲಿ ತಿರುಗಿಸಿ, ಭಾರ ಕಡಿಮೆಯಿರುವ ಕಡೆ ರಿಮ್ಮಿಗೆ ಸಣ್ಣ ತೂಕದ ತುಂಡು ಕೂರಿಸುವುದು. ಅಲೈನ್‌ಮೆಂಟ್ ಎಂದರೆ ಚಕ್ರಗಳ ಕೋನ ಸರಿಪಡಿಸುವುದು. ಒಂದನ್ನು ಮಾಡಿಸಿದರೆ ಇನ್ನೊಂದು ಆದಂತಲ್ಲ. ಮೂರನ್ನೂ ಮಾಡಿಸುವುದಾದರೆ ಮೊದಲು ಬಿಚ್ಚಿ ಬ್ಯಾಲೆನ್ಸಿಂಗ್, ಬಳಿಕ ಹೊಸ ಜಾಗದಲ್ಲಿ ಕೂರಿಸುವುದು, ಕೊನೆಗೆ ಅಲೈನ್‌ಮೆಂಟ್.

ಹಂತ 3: ಬದಲಾಯಿಸಬೇಕೇ ಬೇಡವೇ ತೀರ್ಮಾನಿಸಿ

ಹಿಂದಿನ ಜೋಡಿಗೂ ಮುಂದಿನ ಜೋಡಿಗೂ ವ್ಯತ್ಯಾಸ 2 ಮಿಲಿಮೀಟರಿನೊಳಗೆ ಇದ್ದರೆ ನಿಶ್ಚಿಂತೆಯಿಂದ ಬದಲಾಯಿಸಿ. ಅದಕ್ಕಿಂತ ಹೆಚ್ಚಿದ್ದು, ಮಳೆಯೂ ಬಾಗಿಲಿಗೆ ಬಂದಿದ್ದರೆ ನಿಲ್ಲಿ.

ಯಾಕೆಂದರೆ ಬದಲಾಯಿಸಿದಾಗ ಸವೆದ ಟಯರುಗಳು ಹಿಂದಕ್ಕೆ ಹೋಗುತ್ತವೆ. ನೀರು ನಿಂತ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಸವೆದ ಚಡಿಗಳಿಗೆ ಅಷ್ಟು ನೀರನ್ನು ಹೊರತಳ್ಳಲು ಆಗುವುದಿಲ್ಲ. ಟಯರ್ ರಸ್ತೆ ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಮುಂದಿನ ಟಯರ್ ತೇಲಿದರೆ ಸ್ಟೀರಿಂಗ್ ಹಗುರವಾಗುತ್ತದೆ, ಕಾರು ತಿರುಗದೆ ನೇರ ಹೋಗುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ವೇಗ ಇಳಿದು ಹಿಡಿತ ಮರಳಿ ಬರುವ ಸಾಧ್ಯತೆ ಹೆಚ್ಚು. ಹಿಂದಿನ ಟಯರ್ ತೇಲಿದರೆ ಕಾರಿನ ಹಿಂಭಾಗ ಬದಿಗೆ ಜಾರಿ ಇಡೀ ಕಾರು ಗಿರಕಿ ಹೊಡೆಯುತ್ತದೆ. ಸ್ಟೀರಿಂಗಿನಲ್ಲಿ ಮುನ್ಸೂಚನೆಯೂ ಸಿಗುವುದಿಲ್ಲ, ಸಾಮಾನ್ಯ ಚಾಲಕನಿಗೆ ಅದನ್ನು ಸರಿಪಡಿಸಿಕೊಳ್ಳಲು ಪುರುಸೊತ್ತೂ ಇರುವುದಿಲ್ಲ. ಹಾಗಾಗಿ ಹೆಚ್ಚು ಆಳವಿರುವ ಟಯರುಗಳು ಹಿಂದೆ ಇರಬೇಕು ಎಂಬುದು ಟಯರ್ ತಯಾರಕರ ಸಲಹೆ.

ಒಂದು ಉದಾಹರಣೆ ನೋಡಿ. ಮೇ ಕೊನೆಗೆ ಮುಂದಿನವು 2.5 ಮಿಲಿಮೀಟರ್, ಹಿಂದಿನವು 6 ಮಿಲಿಮೀಟರ್ ಇವೆ ಎಂದಿಟ್ಟುಕೊಳ್ಳಿ. ಅದಲು ಬದಲು ಮಾಡಬೇಡಿ. ಎರಡು ಹೊಸ ಟಯರ್ ಕೊಂಡು ಅವನ್ನು ಹಿಂದೆ ಹಾಕಿಸಿ, ಹಿಂದಿದ್ದ 6 ಮಿಲಿಮೀಟರಿನವನ್ನು ಮುಂದಕ್ಕೆ ತನ್ನಿ. ಹೊಸತನ್ನು ಮುಂದೆ ಹಾಕುವುದು ಅಂಗಡಿಗಳಲ್ಲಿ ರೂಢಿ. ಎಂಜಿನ್ ಇರುವ ಕಡೆಗೆ ಹೊಸತು ಬೇಕು ಎಂಬ ಮಾತಿಗೆ ಒಪ್ಪಬೇಡಿ, ಹಿಂದೆಯೇ ಹಾಕಿ ಎಂದು ಹೇಳಿ. ಇಷ್ಟೇ ವ್ಯತ್ಯಾಸ ಡಿಸೆಂಬರಿನಲ್ಲಿ ಕಂಡರೂ ಇದೇ ಉತ್ತರ. 2.5 ಮಿಲಿಮೀಟರಿಗೆ ಇಳಿದ ಟಯರನ್ನು ಮುಂದಿನ ಮಳೆಗಾಲಕ್ಕೆ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಮುಂದಿನವು 4, ಹಿಂದಿನವು 6.5 ಇದ್ದರೆ ಡಿಸೆಂಬರಿನಲ್ಲೇ ಬದಲಾಯಿಸಿ, ಒಣ ತಿಂಗಳುಗಳಲ್ಲಿ ವ್ಯತ್ಯಾಸ ತಗ್ಗಲಿ, ಮೇ ತಿಂಗಳಲ್ಲಿ ಮತ್ತೆ ಅಳೆಯಿರಿ.

ಹಂತ 4: ಯಾವ ಟಯರ್ ಎಲ್ಲಿಗೆ?

ಮೊದಲು ಟಯರಿನ ಪಕ್ಕದಲ್ಲಿ ಬಾಣದ ಗುರುತು ಇದೆಯೇ ನೋಡಿ. ಇದ್ದರೆ ಅದು ಒಂದೇ ದಿಕ್ಕಿಗೆ ಉರುಳಬೇಕಾದ ಟಯರ್. ಅದನ್ನು ಅದೇ ಬದಿಯಲ್ಲಿ ಮುಂದೆ ಹಿಂದೆ ಮಾತ್ರ ಬದಲಾಯಿಸಬೇಕು. ಔಟ್‌ಸೈಡ್ ಎಂದು ಬರೆದ ಟಯರುಗಳಲ್ಲಿ ಆ ಬದಿ ಸದಾ ಹೊರಗೇ ಇರಬೇಕು. ಬಾಣವಿಲ್ಲದಿದ್ದರೆ ಅವನ್ನು ಎಡಬಲ ಬದಲಾಯಿಸಲು ಅಡ್ಡಿಯಿಲ್ಲ.

ಬಾಣವಿಲ್ಲದ ಟಯರುಗಳಿಗೆ ಕ್ರಮ ಹೀಗೆ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಮುಂದಿನವು ತಮ್ಮದೇ ಬದಿಯಲ್ಲಿ ನೇರ ಹಿಂದಕ್ಕೆ. ಹಿಂದಿನವು ಬದಿ ಬದಲಿಸಿ ಮುಂದಕ್ಕೆ, ಅಂದರೆ ಹಿಂದಿನ ಎಡದ್ದು ಮುಂದಿನ ಬಲಕ್ಕೆ, ಹಿಂದಿನ ಬಲದ್ದು ಮುಂದಿನ ಎಡಕ್ಕೆ. ಬೊಲೆರೊ, ಈಕೊ, ಇನ್ನೋವಾ ಕ್ರಿಸ್ಟಾದಂತೆ ಹಿಂದಿನ ಚಕ್ರ ದೂಡುವ ವಾಹನಗಳಲ್ಲಿ ಇದು ತಿರುಗುಮುರುಗು: ಹಿಂದಿನವು ನೇರ ಮುಂದಕ್ಕೆ, ಮುಂದಿನವು ಬದಿ ಬದಲಿಸಿ ಹಿಂದಕ್ಕೆ. ತೋಟಕ್ಕೆ ಇಳಿಯುವ ಫೋರ್ ವೀಲ್ ಜೀಪುಗಳಿಗೂ ಸಾಮಾನ್ಯವಾಗಿ ಇದೇ ಕ್ರಮ. ನಾಲ್ಕೂ ಚಕ್ರಗಳಿಗೆ ಸದಾ ಬಲ ಹೋಗುವ ಗಾಡಿಯಲ್ಲಂತೂ ಟಯರುಗಳ ಸವೆತದಲ್ಲಿ ಹೆಚ್ಚು ವ್ಯತ್ಯಾಸವಾದರೆ ಗೇರಿನ ಭಾಗಗಳಿಗೇ ಪೆಟ್ಟು.

ಸ್ಟೆಪ್ನಿ ಉಳಿದ ನಾಲ್ಕರ ಅಳತೆಯದೇ ಆಗಿದ್ದು ರಿಮ್ಮೂ ಒಂದೇ ಆಗಿದ್ದರೆ ಅದನ್ನೂ ಸರದಿಗೆ ಸೇರಿಸಬಹುದು. ಈಗಿನ ಬಹಳ ಕಾರುಗಳಲ್ಲಿ ಸ್ಟೆಪ್ನಿ ಸಣ್ಣದು, 80 ಕಿಲೋಮೀಟರ್ ವೇಗ ಮೀರಬಾರದು ಎಂಬ ಚೀಟಿ ಅಂಟಿಸಿರುತ್ತದೆ. ಅದು ಪಂಕ್ಚರ್ ಅಂಗಡಿ ತಲುಪುವವರೆಗಿನ ಟಯರ್, ಸರದಿಗೆ ಸೇರದು. ಸ್ಟೆಪ್ನಿ ಹೊರತೆಗೆದಾಗ ಪಕ್ಕದಲ್ಲಿರುವ ನಾಲ್ಕು ಅಂಕೆಗಳ ತಯಾರಿಕೆಯ ಗುರುತನ್ನೂ ಓದಿ. 2319 ಎಂದಿದ್ದರೆ 2019ರ 23ನೇ ವಾರದ್ದು. ಒಮ್ಮೆಯೂ ಓಡದಿದ್ದರೂ ರಬ್ಬರ್ ಮುಪ್ಪಾಗುತ್ತದೆ. ಐದು ವರ್ಷ ದಾಟಿದ್ದನ್ನು ವರ್ಷಕ್ಕೊಮ್ಮೆ ಟಯರ್ ಅಂಗಡಿಯಲ್ಲಿ ಪರೀಕ್ಷಿಸಿಕೊಳ್ಳಿ.

ಹಂತ 5: ಬದಲಾಯಿಸುವ ಕೆಲಸ

ಅಂಗಡಿಯಲ್ಲಿ ಮಾಡಿಸುವುದಾದರೆ ಯಾವ ಟಯರ್ ಎಲ್ಲಿಗೆ ಎಂದು ಚೀಟಿಯಲ್ಲಿ ಬಾಣ ಎಳೆದು ಕೊಡಿ, ಟಯರುಗಳ ಮೇಲೂ ಸೀಮೆಸುಣ್ಣದಿಂದ ಸಂಖ್ಯೆ ಬರೆಯಿರಿ. ಕೆಲಸ ಮುಗಿದ ಮೇಲೆ ಸಂಖ್ಯೆ ನೋಡಿದರೆ ಜಾಗ ಬದಲಾಗಿದೆಯೋ, ಬಿಲ್ಲಿನಲ್ಲಿ ಮಾತ್ರ ಬದಲಾಗಿದೆಯೋ ತಿಳಿಯುತ್ತದೆ. ಗಾಳಿಯ ಗನ್ನಿನಲ್ಲಿ ನಟ್ಟುಗಳನ್ನು ಕೊನೆಯವರೆಗೂ ಬಿಗಿಯಲು ಬಿಡಬೇಡಿ. ಕೊನೆಯ ಬಿಗಿತ ಕೈಯಿಂದಲೇ ಆಗಲಿ. ಗನ್ನಿನಿಂದ ಅತಿಯಾಗಿ ಬಿಗಿದ ನಟ್ಟನ್ನು ರಾತ್ರಿ ಮಳೆಯಲ್ಲಿ ಪಂಕ್ಚರ್ ಆದಾಗ ನಿಮ್ಮ ಸ್ಪಾನರಿನಿಂದ ಬಿಚ್ಚಲಾಗದು.

ಮನೆಯಲ್ಲಿ ಮಾಡುವವರು ಸಮತಟ್ಟಾದ ಗಟ್ಟಿ ನೆಲ ಆರಿಸಿ. ಮಳೆ ಬಿದ್ದ ಮಣ್ಣಿನ ಅಂಗಳದಲ್ಲಿ ಜಾಕ್ ಹೂತು ಓರೆಯಾಗುತ್ತದೆ, ಹಲಗೆ ಇಟ್ಟರೂ ಅದು ಬೇಡ. ಹ್ಯಾಂಡ್‌ಬ್ರೇಕ್ ಹಾಕಿ, ಗಾಡಿಯನ್ನು ಮೊದಲನೇ ಗೇರಿನಲ್ಲಿ ನಿಲ್ಲಿಸಿ, ಎತ್ತುವ ಚಕ್ರಕ್ಕೆ ಕರ್ಣವಾಗಿ ಎದುರಿರುವ ಚಕ್ರದ ಎರಡೂ ಬದಿಗೆ ಮರದ ತುಂಡು ಇಡಿ. ಕಾರನ್ನು ಎತ್ತಿ ಹಿಡಿಯಲು ಅಡಿಗೆ ಮುರಕಲ್ಲು ಜೋಡಿಸಬೇಡಿ. ಮನೆ ಕಟ್ಟಿದ ಮೇಲೆ ಉಳಿದ ಕಲ್ಲುಗಳು ಎಲ್ಲರ ಅಂಗಳದಲ್ಲೂ ಇರುತ್ತವೆ, ಕೈಗೆ ಸಿಗುವುದೂ ಅವೇ. ಆದರೆ ಮುರಕಲ್ಲು ಒಂದೇ ಕಡೆ ಬೀಳುವ ಭಾರಕ್ಕೆ ಇದ್ದಕ್ಕಿದ್ದಂತೆ ಒಡೆದು ಪುಡಿಯಾಗಬಹುದು. ಬಿಚ್ಚಿದ ಟಯರನ್ನೇ ಕಾರಿನ ಅಡಿಗೆ ಮಲಗಿಸಿಡಿ, ಜಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ. ಯಾವ ಕಾರಣಕ್ಕೂ ಕಾರಿನ ಅಡಿಗೆ ಕೈಕಾಲು ತೂರಿಸಬೇಡಿ.

ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಒಂದೇ ಜಾಕಿನಿಂದ ಈ ಕ್ರಮದಲ್ಲಿ ಕೆಲಸ ಮುಗಿಯುತ್ತದೆ:

1. ಹಿಂದಿನ ಎಡದ ಟಯರ್ ಬಿಚ್ಚಿ, ಆ ಜಾಗಕ್ಕೆ ಸ್ಟೆಪ್ನಿ ಹಾಕಿ. ಸ್ಟೆಪ್ನಿ ಸಣ್ಣದಾದರೂ ತೊಂದರೆಯಿಲ್ಲ, ಕಾರು ನಿಂತಲ್ಲೇ ಇರುತ್ತದೆ.
2. ಮುಂದಿನ ಬಲದ್ದನ್ನು ಬಿಚ್ಚಿ, ಅಲ್ಲಿಗೆ ಹಿಂದಿನ ಎಡದ್ದನ್ನು ಹಾಕಿ.
3. ಹಿಂದಿನ ಬಲದ್ದನ್ನು ಬಿಚ್ಚಿ, ಅಲ್ಲಿಗೆ ಮುಂದಿನ ಬಲದ್ದನ್ನು ಹಾಕಿ.
4. ಮುಂದಿನ ಎಡದ್ದನ್ನು ಬಿಚ್ಚಿ, ಅಲ್ಲಿಗೆ ಹಿಂದಿನ ಬಲದ್ದನ್ನು ಹಾಕಿ.
5. ಹಿಂದಿನ ಎಡದಲ್ಲಿರುವ ಸ್ಟೆಪ್ನಿ ತೆಗೆದು, ಅಲ್ಲಿಗೆ ಮುಂದಿನ ಎಡದ್ದನ್ನು ಹಾಕಿ.

ಪ್ರತಿ ಚಕ್ರದ ನಟ್ಟುಗಳನ್ನೂ ಕಾರು ಎತ್ತುವ ಮೊದಲೇ, ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಜೋರು ಮಾಡಿದರೆ ಕಾರು ಜಾಕಿನಿಂದ ಜಾರೀತು. ಕಡಲ ಗಾಳಿ ಇರುವ ಕುಂಬಳೆ, ಉಪ್ಪಳದ ಕಡೆ ರಿಮ್ ತುಕ್ಕಿಗೆ ಅಂಟಿ ಬರದೇ ಇರುವುದುಂಟು. ಆಗ ಟಯರಿನ ಮೈಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಂಗೈಯಿಂದ ಹೊಡೆದರೆ ಬಿಡುತ್ತದೆ. ರಿಮ್ ಕೂರುವ ಜಾಗದ ತುಕ್ಕನ್ನು ಬ್ರಷ್ಷಿನಿಂದ ಉಜ್ಜಿ, ಇಲ್ಲವಾದರೆ ಚಕ್ರ ಸಪಾಟಾಗಿ ಕೂರುವುದಿಲ್ಲ. ನಟ್ಟಿನ ಎಳೆಗಳಿಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ.

ಮರಳಿ ಹಾಕುವಾಗ ನಟ್ಟುಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿ. ಬಳಿಕ ಒಂದು, ಅದರ ಎದುರಿನದು ಎಂಬಂತೆ ಬಿಗಿಯಿರಿ. ಐದು ನಟ್ ಇದ್ದರೆ ಒಂದು ಬಿಟ್ಟು ಒಂದರಂತೆ. ಸುತ್ತಲೂ ಸಾಲಾಗಿ ಬಿಗಿದರೆ ಚಕ್ರ ಓರೆಯಾಗಿ ಕೂರುತ್ತದೆ. ಕಾರು ಇಳಿಸಿದ ಮೇಲೆ ಕೊನೆಯ ಬಿಗಿತ. ಸಣ್ಣ ಕಾರುಗಳಿಗೆ ಇದು ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್, ನಿಮ್ಮ ಕಾರಿನ ಲೆಕ್ಕ ಮ್ಯಾನ್ಯುಯಲಿನಲ್ಲಿದೆ. ಸ್ಪಾನರಿನ ಮೇಲೆ ಹತ್ತಿ ನಿಂತು ಬಿಗಿಯಬೇಡಿ.

ಹಂತ 6: ಬದಲಾಯಿಸಿದ ಮೇಲೆ

ಗಾಳಿಯನ್ನು ಹೊಸ ಜಾಗಕ್ಕೆ ತಕ್ಕಂತೆ ಸರಿಪಡಿಸಿ. ಹಲವು ಕಾರುಗಳಲ್ಲಿ ಮುಂದಿನ ಮತ್ತು ಹಿಂದಿನ ಒತ್ತಡ ಬೇರೆ ಬೇರೆ, ಚಾಲಕನ ಬಾಗಿಲು ತೆರೆದರೆ ಕಂಬದ ಮೇಲಿನ ಚೀಟಿಯಲ್ಲಿ ಅದು ಪಿ.ಎಸ್.ಐ. ಲೆಕ್ಕದಲ್ಲಿ ಇರುತ್ತದೆ. ಆ ಲೆಕ್ಕ ತಣ್ಣಗಿರುವ ಟಯರಿಗೆ. ಪೆಟ್ರೋಲ್ ಅಗ್ಗವೆಂದು ತಲಪಾಡಿಯ ಗಡಿ ದಾಟಿ ಕರ್ನಾಟಕದಲ್ಲಿ ಟ್ಯಾಂಕ್ ತುಂಬಿಸುವವರು ಗಾಳಿಯನ್ನೂ ಅಲ್ಲೇ ನೋಡಿಸುತ್ತಾರೆ. ಆದರೆ ಕುಂಬಳೆಯಿಂದ ಅಲ್ಲಿಗೆ ಓಡುವಷ್ಟರಲ್ಲಿ ಟಯರ್ ಬಿಸಿಯಾಗಿ ಗೇಜ್ ಮೂರು ನಾಲ್ಕು ಪಿ.ಎಸ್.ಐ. ಹೆಚ್ಚು ತೋರಿಸಬಹುದು. ಹೆಚ್ಚಿದೆ ಎಂದು ಗಾಳಿ ಬಿಟ್ಟರೆ ತಣಿದ ಮೇಲೆ ಕಡಿಮೆಯಾಗಿರುತ್ತದೆ. ಬೆಳಗ್ಗೆ ಹೊರಡುವ ಮೊದಲು, ಮನೆಗೆ ಹತ್ತಿರದ ಬಂಕಿನಲ್ಲಿ ಅಥವಾ ಸ್ವಂತ ಗೇಜಿನಲ್ಲಿ ನೋಡಿಕೊಳ್ಳಿ.

ಗಾಳಿಯ ಒತ್ತಡವನ್ನು ಡ್ಯಾಶ್‌ಬೋರ್ಡಿನಲ್ಲಿ ತೋರಿಸುವ ಕಾರಾದರೆ ಯಾವ ಚಕ್ರ ಎಲ್ಲಿದೆ ಎಂದು ಅದಕ್ಕೆ ಮತ್ತೆ ಕಲಿಸಬೇಕಾಗಬಹುದು, ಇಲ್ಲದಿದ್ದರೆ ಎಡದ ಟಯರಿನಲ್ಲಿ ಗಾಳಿ ಇಳಿದಾಗ ಬಲದ್ದನ್ನು ತೋರಿಸೀತು. ಕ್ರಮ ಮ್ಯಾನ್ಯುಯಲಿನಲ್ಲಿ ಇರುತ್ತದೆ.

ಮೊದಲ ಕೆಲವು ನೂರು ಕಿಲೋಮೀಟರ್ ಟಯರಿನ ಸದ್ದು ಸ್ವಲ್ಪ ಬೇರೆ ಕೇಳಿಸಬಹುದು. ಹಿಂದೆ ಒಂದು ರೀತಿಯಲ್ಲಿ ಸವೆದದ್ದು ಮುಂದೆ ಬಂದು ಹೊಂದಿಕೊಳ್ಳುವವರೆಗೆ ಹೀಗಾಗುವುದು ಸಹಜ. ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್ ನೋಡಿಸಿ. ಕಾರು ಒಂದು ಬದಿಗೆ ಎಳೆದರೆ ಮೊದಲು ಗಾಳಿ, ಆಮೇಲೆ ಅಲೈನ್‌ಮೆಂಟ್.

50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಎಲ್ಲ ನಟ್ಟುಗಳನ್ನೂ ಒಮ್ಮೆ ಬಿಗಿದು ನೋಡಿ, ಅಂಗಡಿಯಲ್ಲಿ ಮಾಡಿಸಿದ್ದರೂ ಸರಿಯೇ. ಅಲಾಯ್ ರಿಮ್ಮಿನವರು ಇದನ್ನು ತಪ್ಪಿಸಲೇಬಾರದು. ಯಾವುದಾದರೂ ನಟ್ ಪ್ರತಿಸಲ ಸಡಿಲವಾಗುತ್ತಿದ್ದರೆ ಅದರ ಎಳೆ ಅಥವಾ ಬೋಲ್ಟ್ ಹಾಳಾಗಿರಬಹುದು, ದೂರದ ಪ್ರಯಾಣಕ್ಕೆ ಮೊದಲು ಮೆಕ್ಯಾನಿಕನಿಗೆ ತೋರಿಸಿ. ಅಳತೆ ಬರೆದ ಚೀಟಿಯಲ್ಲಿ ಇಂದಿನ ಕಿಲೋಮೀಟರ್ ಸೇರಿಸಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಡಿ, ಮುಂದಿನ ಸರದಿ ಯಾವಾಗ ಎಂದು ಅದರಿಂದಲೇ ತಿಳಿಯುತ್ತದೆ.